ಕೊಪ್ಪರಿಗೆಯಲ್ಲಿ ದ್ವೀಪಯಾತ್ರೆ

"ಬಸ್ಸಿಗೆ ಕಾಯೋದು ಸಾಮಾನ್ಯ ಜನರ ಹಣೆಬರಹ. ನಾವು ಜಲಮಾರ್ಗದಲ್ಲಿ ಹೋಗೋಣ!"

ಎಪ್ಪತ್ತೊಂಬತ್ತನೇ ಇಸವಿಯ ಒಂದು ಶುಕ್ರವಾರ ಬೆಳಿಗ್ಗೆ ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ವೆಂಕಟರತ್ನಮ್ಮ ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ ಜೋಡಿಸುತ್ತಿದ್ದಳು. ಅಂದು ಕೆರೆಯ ಆಚೆ ದಡದ ಅವಳ ತವರಿನಲ್ಲಿ ತಮ್ಮ ಕದಿರೇಶನ ನಿಶ್ಚಿತಾರ್ಥ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ತಾಂಬೂಲ ಬದಲಾಗಬೇಕು. ಗಂಡಿನ ಕಡೆಯ ತಟ್ಟೆಯನ್ನು ಹಿರಿಯ ಅಳಿಯನೇ ಕೊಡಬೇಕೆಂಬುದು ಆ ಮನೆಯ ಕಟ್ಟಳೆ. ಆ ಹಿರಿಯ ಅಳಿಯ, ಶ್ರೀಮಾನ್ ನಾನು! ಹೆಣ್ಣಿನ ತಂದೆ ಮುಳಬಾಗಿಲಿನ ಕೋದಂಡರಾಮಪ್ಪನವರೋ, ಹಿಂದೆ ಐದು ನಿಮಿಷ ತಡವಾಯಿತೆಂದು ಒಂದು ಸಂಬಂಧವನ್ನೇ ಬಿಟ್ಟು ಎದ್ದುಬಂದ ಮನುಷ್ಯ.

ಇಷ್ಟೆಲ್ಲ ಗೊತ್ತಿದ್ದೂ ನನಗೆ ಜಲಮಾರ್ಗ ಏಕೆ ಬೇಕಿತ್ತು? ತಪ್ಪು ಶ್ರೀನಿವಾಸಪುರದ ಕಟಿಂಗ್ ಷಾಪಿನದು. ಅಲ್ಲಿದ್ದ ಹಳೇ ವಾರಪತ್ರಿಕೆಯಲ್ಲಿ ಒಂದು ಚಿತ್ರ: ಫಾರಿನ್ ದಂಪತಿಗಳು ಮಡಚುವ ಸೈಕಲ್ಲುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ದೋಣಿಯಿಂದ ದ್ವೀಪಕ್ಕೆ ಇಳಿಯುತ್ತಿದ್ದಾರೆ. ದ್ವೀಪ ಸುತ್ತುವುದು, ಸೈಕಲ್ ಮಡಚುವುದು, ಮುಂದಿನ ದ್ವೀಪಕ್ಕೆ ದೋಣಿ ಹತ್ತುವುದು! ಅರ್ಧ ಕ್ಷೌರದಲ್ಲೇ ನನ್ನ ಮೈ ಜುಮ್ಮೆಂದಿತು. ತಿಂಗಳೊಳಗೆ, ಕೆ.ಜಿ.ಎಫ್. ಬಿಟ್ಟು ಹೊರಟಿದ್ದ ಒಬ್ಬ ಬಿಳಿ ದೊರೆಯ ಸಾಮಾನಿನ ಹರಾಜಿನಲ್ಲಿ ಅಂಥದೇ ಜೋಡಿ ಸೈಕಲ್ ಹಿಡಿದು ತಂದೆ.

"ಒಂದು ನನಗೆ, ಒಂದು ನಿನಗೆ!"

"ಸಂತೋಷ. ಸೀರೆ ಒಣಗಿಹಾಕೋಕೆ ಹಗ್ಗ ಸಾಲ್ತಿರಲಿಲ್ಲ," ಎಂದಳು. ಅಂದಿನಿಂದ ಅವಳ ಸೈಕಲ್ಲಿನ ಮೇಲೆ ಸೀರೆಯದೇ ಸವಾರಿ.

ದ್ವೀಪಗಳಿಗೂ ನಮ್ಮಲ್ಲಿ ಬರವಿರಲಿಲ್ಲ. ಒಂಬತ್ತು ವರ್ಷ ಒಣಗಿದ್ದ ಕೆರೆ ಆ ವರ್ಷ ತುಂಬಿ ಕೋಡಿ ಹೋಗಿತ್ತು. ನಡುವೆ ಸಾಲಾಗಿ ಮೂರು ದಿಬ್ಬಗಳು ತಲೆ ಎತ್ತಿಕೊಂಡಿದ್ದವು. ಕೊರತೆಯೆಂದರೆ ದೋಣಿಯದು. ಈ ಸೀಮೆಯಲ್ಲಿ ದೋಣಿ ಕಂಡವರು ಯಾರಿದ್ದಾರೆ? ಆಲೆಮನೆಯ ಆವಲಪ್ಪನನ್ನು ಕಾಡಿ ಬೇಡಿ, ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನು ನೀರಿಗೆ ಇಳಿಸಿದ್ದಾಯಿತು. ಪಾಕ ತಿರುವುವ ಉದ್ದ ಸೌಟೇ ಹುಟ್ಟು!

"ರೀ, ಬಸ್ಸು ಎಂಟಕ್ಕೇ ಐತೆ. ಸುತ್ತಾದ್ರೂ ನೆಲದ ಮೇಲೆ ಹೋಗ್ತದೆ."

"ನಾನಿದ್ದೀನಿ ಕಣೇ!"

"ಅದಕ್ಕೇ ಹೇಳಿದ್ದು."

ಏರಿಯ ಬುಡದಿಂದ ಎಂಟೂವರೆಗೆ, ಮಡಚಿದ ನನ್ನ ಸೈಕಲ್ಲನ್ನೂ ಹೇರಿಕೊಂಡು, ನಮ್ಮ ಹಡಗು ಹೊರಟಿತು. ದುಂಡಗಿರುವ ವಸ್ತುವಿಗೆ ಮುಂದೆ ಯಾವುದು, ಹಿಂದೆ ಯಾವುದು ಎಂಬ ಜ್ಞಾನವಿಲ್ಲವೆಂದು ನನಗೆ ಆಗ ತಿಳಿಯಿತು. ನಾನು ಸೌಟು ಎಳೆದಂತೆಲ್ಲ ಕೊಪ್ಪರಿಗೆ ನಿಂತಲ್ಲೇ ಗಿರಗಿರನೆ ತಿರುಗಿತು. ನಡುವೆ ತಟ್ಟೆಯನ್ನು ಮಡಿಲಲ್ಲಿ ಅವುಚಿಕೊಂಡು ಕೂತ ವೆಂಕಟರತ್ನಮ್ಮ, "ತವರುಮನೆ ಇಪ್ಪತ್ತು ಸಲ ಕಾಣಿಸ್ತು. ಒಂದು ಸಲಾನೂ ಹತ್ತಿರ ಬರಲಿಲ್ಲ," ಎಂದಳು. ಕೊನೆಗೆ ಗಾಳಿಯೇ ಕನಿಕರಪಟ್ಟು ನಮ್ಮನ್ನು ನಡುವಿನ ದ್ವೀಪಕ್ಕೆ ತಂದು ಬಿಸಾಡಿತು.

ಇಳಿದೆ. ಕೊಲಂಬಸ್ಸಿನ ಗತ್ತಿನಲ್ಲಿ ಸೈಕಲ್ ಬಿಚ್ಚಿದೆ, ಚಿಲಕ ಹಾಕಿದೆ. ದ್ವೀಪದ ಉದ್ದ ಹದಿನೆಂಟು ಹೆಜ್ಜೆ. ನಾನು ಹತ್ತುವುದರೊಳಗೆ ಅವಳು ನಡೆದು ಆಚೆ ತುದಿ ಮುಟ್ಟಿದ್ದಳು. ನಾನೂ ತುಳಿದೆ. ಒಂಬತ್ತನೇ ಹೆಜ್ಜೆಗೆ ಚಿಲಕ ಕಳಚಿತು. ಮಡಚುವ ಸೈಕಲ್ಲು ತನ್ನ ಧರ್ಮ ಪಾಲಿಸಿತು, ನಾನು ಒಳಗಿರುವಾಗಲೇ! ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಸಿಕ್ಕಿಬಿದ್ದ ನನ್ನನ್ನು ಅವಳೇ ಬಂದು ಬಿಡಿಸಿದಳು.

"ಸರಿ, ಈಗ ಕೊಪ್ಪರಿಗೆ ಎಲ್ಲಿ?"

ತಿರುಗಿ ನೋಡಿದರೆ, ಕಟ್ಟುವುದನ್ನು ನಾನು ಮರೆತಿದ್ದ ಕೊಪ್ಪರಿಗೆ, ದಿಕ್ಕು ಬದಲಿಸಿದ ಗಾಳಿಗೆ ಸೌಟಿನ ಸಮೇತ ತೇಲಿಕೊಂಡು ಏರಿಯ ಕಡೆಗೆ ವಾಪಸು ಹೊರಟಿತ್ತು. ಗಡಿಯಾರದಲ್ಲಿ ಒಂಬತ್ತೂಮುಕ್ಕಾಲು! ದಡದಲ್ಲಿ ಮಾವನ ಮನೆಯ ಹಂದರ ಕಾಣುತ್ತಿದೆ. ನಾನು ಟವೆಲು ಬೀಸಿ "ಕಾಪಾಡಿ!" ಎಂದು ಕೂಗಿದೆ. ಅವರೂ ಸಂಭ್ರಮದಿಂದ ಟವೆಲು ಬೀಸಿದರು.

"ನಡೆದೇ ಹೋಗೋಣ್ವಾ?" ಎಂದಳು.

"ಹುಚ್ಚೀ! ಹನ್ನೆರಡು ಅಡಿ ಆಳ! ಹೋದ ವರ್ಷ ಹೂಳೆತ್ತಿಸಿದ್ದು ನಮ್ಮ ಆಫೀಸೇ. ಹನ್ನೆರಡು ಅಡಿ ಅಂತ ಫೈಲಿನಲ್ಲಿ ನನ್ನ ಕೈಯಾರೆ ಬರೆದಿದ್ದೀನಿ."

"ನೀವು ಅಳೆದಿದ್ರಾ?"

"ಗುಮಾಸ್ತ ಅಳೀತಾನೇನೇ? ಬರೀತಾನೆ!"

ಅವಳ ಕಣ್ಣಲ್ಲಿ ನೀರು ಬಂತು. "ನನ್ನ ತಮ್ಮನ ಮದುವೆ ಮುರಿದುಬಿದ್ರೆ ನಾನು ಯಾವ ಮುಖ ಇಟ್ಕೊಂಡು ತವರಿಗೆ ಹೋಗ್ಲಿ?" ಹಾಳು ಸೈಕಲ್ಲಿಗಾಗಿ ಇವಳ ಮನೆಯವರ ಮುಂದೆ ಇವಳ ತಲೆ ತಗ್ಗಿಸಿದೆನಲ್ಲ ಎಂದು ನನಗೆ ನಿಜವಾಗಿ ನಾಚಿಕೆಯಾಯಿತು.

ಆಗ ದಡದ ಕಡೆಯಿಂದ ಎರಡು ಎಮ್ಮೆ, ಅವುಗಳ ಹಿಂದೆ ಮುದುಕಿ ಬೈರಮ್ಮ, ಸೀರೆ ಮೊಳಕಾಲಿಗೆ ಎತ್ತಿಕಟ್ಟಿ ನೀರಿನ ಮೇಲೆ ನಡೆದುಬಂದರು. ನಾನು ಕೈಮುಗಿದೇಬಿಟ್ಟೆ.

"ಏಮಯ್ಯಾ, ಯಾಕಂಗೆ ಅರಚ್ಕೊಂತೀಯ?"

"ಅಜ್ಜೀ, ಹನ್ನೆರಡು ಅಡಿ ನೀರಲ್ಲಿ ಹೆಂಗೆ ಬಂದೆ?"

"ಹನ್ನೆರಡಾ? ಏರಿ ಹತ್ರ ಆಳುದ್ದ ಐತೆ. ಇಲ್ಲಿ ಮೊಳಕಾಲುದ್ದ. ಹೋದ್ವರ್ಷ ಹುರುಳಿ ಚೆಲ್ಲಿದ್ದು ಇಲ್ಲೇ."

"ಮತ್ತೆ ಹೂಳೆತ್ತಿದ್ದು?"

"ಎತ್ತಿದ್ರು ಕಣಪ್ಪಾ, ಇಲ್ಲ ಅನ್ಬಾರದು. ಸಾಹೇಬ್ರು ನೋಡೋಕೆ ಮೂರು ದಿನ ಬಂದ್ರು. ಬಂದಾಗೆಲ್ಲ ಒಂದಿಷ್ಟು ಕೆರೆದು ಇಲ್ಲೇ ಗುಡ್ಡೆ ಹಾಕಿದ್ರು. ಮೂರು ದಿನ, ಮೂರು ಗುಡ್ಡೆ. ನೀನು ನಿಂತಿರೋದು ಎರಡನೇ ದಿನದ್ದು."

ವೆಂಕಟರತ್ನಮ್ಮ ತಟ್ಟೆಯನ್ನು ತಲೆಯ ಮೇಲಿಟ್ಟು ನೀರಿಗಿಳಿದಳು. ಹಿಂದೆ ಎಮ್ಮೆಗಳು. ಅವುಗಳ ಹಿಂದೆ ಸೈಕಲ್ ಹೊತ್ತ ನಾನು.

ಹತ್ತೂ ಇಪ್ಪತ್ತೈದಕ್ಕೆ ಹಂದರ ಸೇರಿದೆವು. ತಟ್ಟೆ ಹಿಡಿದು ಕೋದಂಡರಾಮಪ್ಪನವರ ಮುಂದೆ ನಿಂತೆ. ಅವರು ಕೈ ಚಾಚಲಿಲ್ಲ. ನನ್ನ ಬಿಳೀ ಪ್ಯಾಂಟನ್ನು ನೋಡಿದರು. ಮೊಳಕಾಲಿನವರೆಗೆ ಕಪ್ಪು ಕೆಸರು, ಅದರ ಮೇಲೆ ಇಸ್ತ್ರಿಯ ಗೆರೆ.

"ಕೆರೆ ದಾಟಿ ಬಂದ್ರಾ? ಈ ಕೆರೆ ಹೂಳೆತ್ತಿಸಿದ್ದು ನಿಮ್ಮ ಆಫೀಸೇ ಅಂತೆ. ಎಷ್ಟು ಆಳ ಐತೆ?"

ಹನ್ನೆರಡು ಅಂದರೆ ಸುಳ್ಳ, ಮೊಳಕಾಲು ಅಂದರೆ ಕಳ್ಳ! ರಾಹುಕಾಲಕ್ಕೆ ಎರಡು ನಿಮಿಷ.

"ಹನ್ನೆರಡು ಅಡೀನೇ ಅಣ್ಣಾ," ಎಂದಳು ವೆಂಕಟರತ್ನಮ್ಮ, ಸೆರಗು ಸರಿಮಾಡಿಕೊಳ್ಳುತ್ತಾ. "ಫೈಲಿನಲ್ಲೇ ಐತೆ. ಇವರಿಗೆ ಮೊಳಕಾಲಿಗೆ ಬಂತು, ಅಷ್ಟೇ. ನಮ್ಮ ಯಜಮಾನ್ರು ಸ್ವಲ್ಪ ಎತ್ತರ."

ಕೋದಂಡರಾಮಪ್ಪನವರು ನನ್ನ ಐದಡಿ ಎರಡಂಗುಲವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೀಸೆ ಅದುರಿತು. ಆಮೇಲೆ ಹಂದರದ ಕಂಬ ಅದುರುವಂತೆ ನಕ್ಕು, ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಅವಳ ಕಡೆ ತಿರುಗಿದರು.

"ನಿನ್ನ ಮುಖ ನೋಡಿ ಹೆಣ್ಣು ಕೊಡ್ತಾ ಇದ್ದೀನಿ ತಾಯೀ. ಇವರ ಫೈಲು ನೋಡಿ ಅಲ್ಲ!"