ತಳವಿಲ್ಲದ ಅಳಗುಳಿ ಮಣೆ

ಆ ಭಾನುವಾರ ಬೆಳಿಗ್ಗೆ ಗಿರಿಜಾದೇವಿಯವರು ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಹತ್ತಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಚಪ್ಪಲಿಯ ಸದ್ದು ಕೇಳಿದೊಡನೆ ಕಾಂತೇಶ್ ಎಲ್ಲವನ್ನೂ ಗೋಣಿಚೀಲದ ಕೆಳಗೆ ತಳ್ಳಿಬಿಡುತ್ತಿದ್ದ. ಆದರೆ ಅವರು ಪೂಜೆ ಮುಗಿಸಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು, ಬರಿಗಾಲಲ್ಲೇ ಮೇಲೆ ಬಂದರು. ಕಾಂತೇಶ್ ತಲೆ ಎತ್ತುವಷ್ಟರಲ್ಲಿ ಎದುರಿಗೇ ನಿಂತಿದ್ದರು.

ಕಾಂತೇಶ್ ತುಮಕೂರಿನವನು. ಕಾಶಿಯ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ನೌಕರಿ, ಭೇಲೂಪುರದಲ್ಲಿ ಗಿರಿಜಾದೇವಿಯವರ ಮಹಡಿಯ ಮೇಲೆ ಬಾಡಿಗೆಗೆ ವಾಸ. ಮನುಷ್ಯ ಸಾಧು, ಚಟ ಒಂದೇ. ಖೋಜ್ವಾನ್‌ನ ಬೊಂಬೆ ಮಾಡುವವರ ಹತ್ತಿರ ಕೂತು ಕೂತು ಮರ ಕಡೆಯುವುದನ್ನು ಕಲಿತು, ಅವರಿಂದಲೇ ಒಂದು ಹಳೆಯ ಖರಾದು ಯಂತ್ರ ತಂದುಕೊಂಡಿದ್ದ. ಅದು ತಿರುಗಲು ಶುರುವಾದರೆ ಇಡೀ ಗಲ್ಲಿಗೆ ಹಲ್ಲುನೋವು ಬಂದ ಹಾಗಾಗುತ್ತಿತ್ತು. ಇದೇ ಯಂತ್ರದ ದೆಸೆಯಿಂದ ಹಿಂದಿನ ಮನೆಗಳ ಮಾಲೀಕರೆಲ್ಲ ಅವನಿಗೆ ಕೈಮುಗಿದು ಕಳಿಸಿದ್ದರು. ಗಿರಿಜಾದೇವಿಯವರೊಬ್ಬರೇ ವರಾಂಡದಲ್ಲಿ ಅದಕ್ಕೆ ಜಾಗ ಕೊಟ್ಟವರು. ಈ ವರಾಂಡ ಕೈತಪ್ಪಿದರೆ ಕಾಶಿಯಲ್ಲಿ ಇನ್ನೊಂದು ಸಿಗುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ತೊಂದರೆ ಏನೆಂದರೆ, ಗಿರಿಜಾದೇವಿಯವರು ಜಿರಳೆಯನ್ನೂ ಮೊರದಲ್ಲಿ ಹಿಡಿದು ಗಲ್ಲಿಗೆ ಬಿಟ್ಟು ಬರುವಂಥ ಶರಣೆ. ಕಾಂತೇಶ್ ಮಾಡುತ್ತಿದ್ದದ್ದೋ ಬಂದೂಕಿನ ಸಾಮಾನು.

ವಿಶ್ವವಿದ್ಯಾಲಯದ ಆಸ್ಪತ್ರೆಯ ಡಾಕ್ಟರ್ ತಮ್ಮಯ್ಯ ಕೊಡಗಿನವರು. ಊರಿನಲ್ಲಿ ಅವರ ಮನೆತನದ ಹಳೆಯ ಕೇಪಿನ ಕೋವಿ ಇದೆ. ಬಾಯಿಯ ಕಡೆಯಿಂದ ಮದ್ದು ಸುರಿದು, ಗುಂಡು ತಳ್ಳಿ, ಜಡಿಯಬೇಕಾದ ಕೋವಿ. ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಕೈಲ್ ಮುಹೂರ್ತ ಹಬ್ಬಕ್ಕೆ ಅವರು ಅಂದು ಸಂಜೆಯ ರೈಲಿಗೆ ಹೊರಡುವವರಿದ್ದರು. ಅದಕ್ಕಾಗಿ ಕಾಂತೇಶ್ ಶೀಶಮ್ ಮರದಲ್ಲಿ ಮದ್ದಿನ ಅಳತೆಯ ಬಟ್ಟಲು, ಗುಂಡು ಜಡಿಯುವ ಉದ್ದನೆಯ ಗಜ, ಗುಂಡನ್ನು ಬಾಯಿಂದ ಒಳಕ್ಕೆ ನೂಕುವ ಗುಂಡುತಲೆಯ ಗಿಡ್ಡ ಕೋಲು, ಎಲ್ಲವನ್ನೂ ಮಾಡಿದ್ದ. ಅವನಿಗೆ ಹೆಚ್ಚು ಹೆಮ್ಮೆಯಿದ್ದದ್ದು ಈಡಿನ ಹಲಗೆಯ ಮೇಲೆ. ಎಣ್ಣೆಬಟ್ಟೆ ಸುತ್ತಿದ ಗುಂಡುಗಳನ್ನು ಮೊದಲೇ ಸಿಕ್ಕಿಸಿಟ್ಟುಕೊಂಡು, ಕೋವಿಯ ಬಾಯಿಗೆ ಹಿಡಿದು, ಒಂದೊಂದನ್ನೇ ಕೆಳಕ್ಕೆ ನೂಕುವ ಹಲಗೆ ಅದು. ಎರಡು ಸಾಲು, ಸಾಲಿಗೆ ಏಳು ತೂತು.

ಗಿರಿಜಾದೇವಿಯವರ ಕಣ್ಣು ಬಿದ್ದದ್ದೂ ಅದರ ಮೇಲೆಯೇ.

"ತಮ್ಮಾ, ನಿನಗೊಂದ ಮಾತ ಹೇಳಬೇಕಂತ..." ಎಂದು ಶುರು ಮಾಡಿದವರು ಅಲ್ಲಿಗೇ ನಿಂತರು. "ಅಯ್ಯ ಶಿವನ! ಅಳಗುಳಿ ಮಣಿ!"

ಕಾಂತೇಶ್ ಬಾಯಿ ತೆರೆದ. ಅದರಿಂದ ಹೊರಟದ್ದು ಒಂದೇ ಪದ. "ಹೌದು."

"ಹಾನಗಲ್ಲ ಬಿಟ್ಟ ಮ್ಯಾಲೆ ಕಣ್ಣಿಲೆ ಕಂಡಿದ್ದಿಲ್ಲಪಾ. ಗುಣಿ ಸಣ್ಣವು ಆಗ್ಯಾವಲ್ಲ?"

"ಗುಲಗಂಜಿ ಹಾಕಿ ಆಡೋದಮ್ಮ. ಪ್ರಯಾಣಕ್ಕೆ ಅಂತ."

ಅವರು ಹಲಗೆಯನ್ನು ಎತ್ತಿ ಮುಖದ ಎದುರು ಹಿಡಿದರು. ಹದಿನಾಲ್ಕು ತೂತುಗಳಿಂದಲೂ ಕಾಂತೇಶನ ಬೆವರಿದ ಮುಖ ಕಂಡಿತು. "ಇದೇನೋ, ತಳಾನ ಇಲ್ಲ! ಕಾಯಿ ಹಾಕಿದ್ರ ಪಾತಾಳಕ್ಕ ಹೋಗತಾವಲ್ಲ?"

"ತಳ ಇನ್ನೂ ಹಾಕಬೇಕು."

"ನಾ ಹಾಕಸ್ತೇನಿ ಬಿಡು," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು. ಬಾಗಿಲ ಬಳಿ ತಿರುಗಿ, "ಏನೋ ಹೇಳಾಕ ಬಂದಿದ್ದೆ. ಇರಲಿ, ಈಗ ಬ್ಯಾಡ," ಎಂದರು. ಅಷ್ಟು ಸಾಲದೆಂಬಂತೆ ಬಿದ್ದಿದ್ದ ಗಿಡ್ಡ ಕೋಲನ್ನೂ ಎತ್ತಿಕೊಂಡರು. "ಇದು ಚೋಖಾ ಮಾಡಾಕ ಬದನಿಕಾಯಿ ಹಿಚಕೋದು, ಹೌದಿಲ್ಲೋ?"

"ಹೌದು," ಎಂದ ಕಾಂತೇಶ್. ಅಂದು ಅವನ ಬಾಯಿಗೆ ಬೇರೆ ಮಾತೇ ಬರುತ್ತಿರಲಿಲ್ಲ.

ಒಳಗಿನಿಂದ ಹೆಂಡತಿ ವಸಂತಾ ಬಂದಳು. "ನಿಜ ಹೇಳಿಬಿಡಬಾರದಿತ್ತಾ?"

"ಹೇಳಿದರೆ ಯಂತ್ರದ ಜೊತೆ ನಾವೂ ಗಲ್ಲಿಗೆ. ಆಕೆ ಏನೋ ಹೇಳೋಕೆ ಬಂದಿದ್ದರು ನೋಡು. ಬಂದೂಕಿನ ವಾಸನೆ ಹತ್ತಿದೆ."

ಅರ್ಧ ಗಂಟೆ ಬಿಟ್ಟು, ಪಾಲಿಶ್ ಬಾಕಿ ಇದೆ ಎಂಬ ನೆಪ ಹೂಡಿ ಕಾಂತೇಶ್ ಕೆಳಗಿಳಿದ. ಅಂಗಳದಲ್ಲಿ ಹತ್ತಿರದ ಮಠದ ಉಗ್ರಾಣ ನೋಡಿಕೊಳ್ಳುವ ಸಂಗಯ್ಯ ಮಂಡಿಯೂರಿ ಕೂತಿದ್ದ. ಪಕ್ಕದಲ್ಲಿ ಅಂಟಿನ ಡಬ್ಬಿ, ಬಾಯಲ್ಲಿ ಮೊಳೆ. ಪರರ ಕೆಲಸವೆಂದರೆ ಊಟ ಬಿಟ್ಟು ಓಡಿಬರುವ ಜೀವ ಅದು.

"ಬರ್ರಿ ಬರ್ರಿ! ಪಲ್ಲಕ್ಕಿಗೆ ತಂದ ಪ್ಲೈ ತುಂಡು ಉಳದಿತ್ತು, ಬರೋಬ್ಬರಿ ಕೂತೈತಿ. ಅಂಟೂ ಹಚ್ಚೇನಿ, ಮೊಳೀನೂ ಬಡದೇನಿ. ಭೂಕಂಪಾದ್ರೂ ಬಿಡಂಗಿಲ್ಲ!"

ಕಾಂತೇಶನಿಗೆ ತನ್ನ ಎದೆಗೇ ಮೊಳೆ ಹೊಡೆದಂತಾಯಿತು. ವಾರಗಟ್ಟಲೆ ಉಜ್ಜಿ ನುಣುಪು ಮಾಡಿದ ಹಲಗೆ! ಸಿಟ್ಟು ಬಂತು, ಅಳು ಬಂತು. ಎರಡನ್ನೂ ನುಂಗಿ, "ತುಂಬಾ ಉಪಕಾರವಾಯ್ತು ಸಂಗಯ್ಯನವರೇ," ಎಂದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹನುಮಾನ್ ಘಾಟ್‌ವರೆಗೆ ಹೋಗಿ, ಅಲ್ಲಿನ ಪುರೋಹಿತರ ಮನೆಯ ಕೌಸಲ್ಯಾ ಇ-ರಿಕ್ಷಾ ಹತ್ತಿ ಬಂದಿದ್ದಳು. ಕಾಶಿಯಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ಎಲ್ಲಿ ಮುಗಿದು ಹಿಂದಿ ಎಲ್ಲಿ ಶುರುವಾಗುತ್ತದೆಂದು ಅವಳಿಗೂ ತಿಳಿಯದು. ಹಲಗೆ ಬಿಡಿಸಿಕೊಳ್ಳಲು ಮತ್ತೆ ಇಳಿದ ಕಾಂತೇಶನನ್ನು ಹೆಂಗಸರು ಆಟಕ್ಕೇ ಕೂರಿಸಿದರು. ಅವನು ಗುಲಗಂಜಿ ಹಂಚುತ್ತ, ಸ್ಕ್ರೂಡ್ರೈವರ್ ಎಲ್ಲಿ ತೂರಿಸಿದರೆ ತಳ ಕಿತ್ತುಬರಬಹುದೆಂದು ನೋಡುತ್ತಿದ್ದ. ಹಾಗಾಗಿ ಆಡಿದ ಆಟಗಳನ್ನೆಲ್ಲ ಸೋತ.

"ಅರೇ ಭೈಯಾ, ಮಣೆ ಮಾಡಿದವರೇ ಹಾರ್ ಗಯೇ!" ಎಂದು ಕೌಸಲ್ಯಾ ಚಪ್ಪಾಳೆ ತಟ್ಟಿದಳು.

ಗಿರಿಜಾದೇವಿಯವರು ನಗಲಿಲ್ಲ. ಅವನನ್ನೇ ನೋಡುತ್ತ, "ತಮ್ಮಾ, ಮುಂಜಾನಿ ಹೇಳಬೇಕಂದಿದ್ದ ಮಾತು..." ಎಂದರು. ಮತ್ತೆ ಮಣೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ಬ್ಯಾಡ ಬಿಡು. ನನ್ನ ಬಾಯಿಲೆ ಹ್ಯಾಂಗ ಹೇಳಲಿ."

ಕಾಂತೇಶ್ ಕೈಯಲ್ಲಿದ್ದ ಗುಲಗಂಜಿಯನ್ನು ಕೆಳಗಿಟ್ಟ. ಗೊತ್ತಾಗಿದೆ, ಖಂಡಿತ ಗೊತ್ತಾಗಿದೆ. ಸಾಮಾನು ಒಯ್ಯಲು ಬರುವ ಡಾಕ್ಟರನ್ನು ಗಲ್ಲಿಯ ತುದಿಯಲ್ಲೇ ತಡೆಯಬೇಕೆಂದು ಅವನು ಎದ್ದು ನಿಂತ. ಅಷ್ಟರಲ್ಲಿ ಗಲ್ಲಿಯಿಂದ ಒಂದು ಧ್ವನಿ ಕೇಳಿಸಿತು. ಬೆಟ್ಟದಿಂದ ಬೆಟ್ಟಕ್ಕೆ ಕೂಗಿ ರೂಢಿಯಾದ ಧ್ವನಿ.

"ಕಾಂತೇಶ್! ನನ್ನ ಕೋವಿ ಸಾಮಾನು ಎಲ್ಲ ರೆಡಿಯಾ ಮಾರಾಯ?"

ಮೂಲೆಯಲ್ಲಿ ಅಂಗಳದ ಬಾಗಿಲಿನ ಚಿಲಕ ಸರಿಮಾಡುತ್ತಿದ್ದ ಸಂಗಯ್ಯನ ಬಾಯಿಂದ ಮೊಳೆ ಉದುರಿತು. ಡಾಕ್ಟರ್ ತಮ್ಮಯ್ಯ ಒಳಗೆ ಬಂದು, ಮಣೆಯನ್ನು ಕಂಡು, "ಇದೇನು, ನನ್ನ ಈಡಿನ ಹಲಗೆಗೆ ತಳ ಯಾರು ಹೊಡೆದದ್ದು?" ಎಂದರು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕಾಂತೇಶ್ ಗಿರಿಜಾದೇವಿಯವರ ಮುಂದೆ ಕೈಜೋಡಿಸಿ ಎಲ್ಲವನ್ನೂ ಒಪ್ಪಿಕೊಂಡ. ಅಳಗುಳಿ ಮಣೆ ಸುಳ್ಳು, ಬದನೆಕಾಯಿ ಸುಳ್ಳು, ಎಲ್ಲ ಬಂದೂಕಿಗೆ ಮಾಡಿದ್ದು, ತಪ್ಪಾಯಿತು.

ಗಿರಿಜಾದೇವಿಯವರು ಡಾಕ್ಟರ ಕಡೆ ತಿರುಗಿದರು. "ಕೇಪಿನ ಬಂದೂಕೇನ್ರಿ? ಬಾಯಿಲೆ ತುಂಬೋದು?"

"ಹೌದಮ್ಮ."

"ನಮ್ಮ ಅಪ್ಪನ ಕಡೆ ಇತ್ತರಿ! ಹೊಲಕ್ಕ ಹಂದಿ ಬಂದ್ರ ಬರೇ ಮದ್ದಿನ ಸಪ್ಪಳಾ ಮಾಡಿ ಓಡಸತಿದ್ವಿ. ಮದ್ದು ತುಂಬಾಕಿ ನಾನ!" ಅವರು ಅಡುಗೆಮನೆಗೆ ಓಡಿ ಆ ಗಿಡ್ಡ ಕೋಲನ್ನು ತಂದು, ಮದ್ದಿನ ಮೇಲೆ ಬಟ್ಟೆಯ ಉಂಡೆಯನ್ನು ಹೇಗೆ ನೂಕಬೇಕೆಂದು ಗಾಳಿಯಲ್ಲೇ ತೋರಿಸಿದರು. ಡಾಕ್ಟರು ಕೋಲನ್ನು ಮೂಸಿ, "ಬೆಳ್ಳುಳ್ಳಿ ವಾಸನೆ," ಎಂದರು. "ಹಲಗೆ ಇಲ್ಲೇ ಇರಲಿ ಬಿಡಿ. ತೆಂಗಿನಕಾಯಿಗೆ ಹೊಡೆಯೋದು ಒಂದೇ ಈಡು. ಅಷ್ಟಕ್ಕೆ ಗಜ ಒಂದಿದ್ದರೆ ಸಾಕು." ಉಳಿದದ್ದನ್ನು ಚೀಲಕ್ಕೆ ಹಾಕಿಕೊಂಡು ಸ್ಟೇಷನ್ನಿಗೆ ಹೊರಟರು.

ಕಾಂತೇಶನಿಗೆ ಗಂಗೆಯಲ್ಲಿ ಮುಳುಗಿ ಎದ್ದಷ್ಟು ಹಗುರವಾಯಿತು. ಇಡೀ ದಿನ ಸುಮ್ಮನೆ ಹೆದರಿದೆನಲ್ಲ ಎಂದು ನಗು ಬಂತು. "ನಿಮಗೆ ಬೇಜಾರಿಲ್ಲ ತಾನೇ ಅಮ್ಮ?"

"ಬ್ಯಾಸರಾ? ನನಗ ಎಷ್ಟ ನಿರಾಳಾತು ಅಂತೀ!" ಗಿರಿಜಾದೇವಿಯವರು ಅವನ ಬೆನ್ನು ತಟ್ಟಿದರು. "ನನ್ನ ತಂಗಿ ಮಗ ತೋಂಟೇಶ ಇಲ್ಲೇ ಯುನಿವರ್ಸಿಟಿ ಹಂತ್ಯಾಕ ಲಂಕಾ ಓಣ್ಯಾಗ ಕೋಚಿಂಗ್ ಸೇರ್ಯಾನ. ಅವಗ ನಿನ್ನ ವರಾಂಡ ಬೇಕಾಗೇತಿ ಅಂತ ಹೇಳಾಕನ ಮುಂಜಾನಿ ಬಂದಿದ್ದೆ. ನೋಡಿದ್ರ ನೀ ಅಳಗುಳಿ ಮಣಿ ಮಾಡಾಕತ್ತಿದ್ದಿ. ಅಂಥಾ ಮನಶ್ಯಾನ್ನ ಹ್ಯಾಂಗ ಎಬ್ಬಸಲಿ? ಹುಡುಗಗ ಬರಬ್ಯಾಡ ಅನ್ನೂಣು ಅಂತ ಗಟ್ಟಿ ಮಾಡಿದ್ದೆ. ಈಗ ನೀನ ಹೇಳಿದೆಲ್ಲ, ಇದು ಬಂದೂಕಿಂದು ಅಂತ. ಚಿಂತಿ ಹೋತು. ನಾಳೆ ಖಾಲಿ ಮಾಡಿಬಿಡಪಾ."

"ಅಮ್ಮಾ, ನಿಜವಾದ ಅಳಗುಳಿ ಮಣೆ ಒಂದು ಮಾಡಿಕೊಡ್ತೀನಿ!"

"ಇನ್ನೊಂದ್ಯಾಕ? ಇದ ಐತಲ್ಲ. ಸಂಗಯ್ಯ ಎಷ್ಟ ಗಟ್ಟಿ ತಳಾ ಹಾಕ್ಯಾನ ನೋಡು."

ಕಾಂತೇಶ್ ಮೇಲೆ ಹೋಗಿ ಖರಾದಿನ ಪಕ್ಕದಲ್ಲಿ ಕೂತ. ವಸಂತಾ ವಿಷಯ ಕೇಳಿ, "ಇದನ್ನ ಅಡುಗೆಮನೆಗೆ ಮಾತ್ರ ತರಬೇಡಿ," ಎಂದಳು.

ಅಷ್ಟರಲ್ಲಿ ಕೆಳಗಿನಿಂದ ಗಿರಿಜಾದೇವಿಯವರು ಕೂಗಿದರು. "ತಮ್ಮಾ, ಕೌಸಲ್ಯಾ ಮನಿಗೆ ಹೋದಳು. ಆಟಕ್ಕ ಒಬ್ಬರು ಕಡಿಮಿ ಬಿದ್ದಾರ, ಬಾ!"