ಹಬ್ಬಕ್ಕೊಂದು ಬೈಗುಳದ ಒಪ್ಪಂದ

ಸಂಸಾರ ನಡೆಸುವ ಜಾಣತನ ನನಗೆ ಹುಟ್ಟುತ್ತಲೇ ಬಂದಿದೆ ಎಂದು ಬಹಳ ವರ್ಷ ನಂಬಿದ್ದೆ. ಎಪ್ಪತ್ತೆಂಟನೇ ಇಸವಿಯ ದೀಪಾವಳಿಯವರೆಗೆ!

ನಾನಾಗ ಚನ್ನಗಿರಿಯಲ್ಲಿ ಗುಮಾಸ್ತ. ಹಬ್ಬಕ್ಕೆ ಹೊನ್ನಾಳಿಯ ನಮ್ಮ ಮನೆಗೆ ಹೋದಾಗಲೆಲ್ಲ ಅವ್ವ, ಅಕ್ಕ ಸೇರಿ ನನ್ನ ಹೆಂಡತಿ ಗಿರಿಜೆಯ ಕೆಲಸದಲ್ಲಿ ಹುಳುಕು ಹುಡುಕುತ್ತಿದ್ದರು. ವಾಪಸು ಬಂದ ಮೇಲೆ ವಾರಗಟ್ಟಲೆ ನಮ್ಮಿಬ್ಬರಿಗೆ ಮಾತಿರುತ್ತಿರಲಿಲ್ಲ. ಆ ಸಲ ಬಸ್ಸಿನಲ್ಲೇ ಒಂದು ಒಪ್ಪಂದ ಮಂಡಿಸಿದೆ.

"ಅವರು ಬಾಯಿ ತೆಗೆಯಾಕೆ ಮುಂಚೆ ನಾನೇ ನಿನ್ನ ಬೈತೀನಿ. ಅವರಿಗೆ ಬೈಯಾಕೆ ಏನೂ ಉಳಿಯಂಗಿಲ್ಲ. ನೀನು ಮನಸ್ಸಿಗೆ ಹಚ್ಕೋಬೇಡ."

"ಬರೀ ನಾಟಕ ತಾನೇ ರೀ?"

"ಬರೀ ನಾಟಕ!"

ಗಿರಿಜೆ ನಕ್ಕಳು. ಅವಳ ಚೀಲದಲ್ಲಿ ಒಂದು ಹೊಸ ಹಸಿರು ಸೀರೆ ಇತ್ತು. ಆ ಶ್ರಾವಣದಲ್ಲಿ ಅವಳ ತಾಯಿ ಜಗಳೂರಿನಲ್ಲಿ ತೀರಿಕೊಂಡಿದ್ದರು. ತಂದೆ ಮೊದಲೇ ಇಲ್ಲ, ಅಣ್ಣತಮ್ಮಂದಿರಿಲ್ಲ; ತವರಿನ ಬಾಗಿಲಿಗೆ ಬೀಗ. ಹಬ್ಬದ ದಿನ ಹಿರಿಯರಿಗೆ ಹೊಸ ಬಟ್ಟೆ ಇಟ್ಟು ಎಡೆ ಹಾಕುವಾಗ, ನಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಆ ಸೀರೆಯನ್ನೂ ಇಡಬೇಕೆಂಬುದು ಅವಳ ಆಸೆ. "ನೀವೇ ಅತ್ತೆಗೆ ಒಂದು ಮಾತು ಕೇಳ್ರಿ" ಎಂದಳು. "ಅದು ನನಗೆ ಬಿಡು" ಎಂದೆ.

ಒಪ್ಪಂದ ಅದ್ಭುತವಾಗಿ ಜಾರಿಗೆ ಬಂತು. ಹೋಳಿಗೆ ಹರಿಯಿತು, ಬೈದೆ. ಅನ್ನ ಮುದ್ದೆಯಾಯಿತು, ಬೈದೆ. ಸ್ನಾನದ ನೀರು ಕಾಯಲಿಲ್ಲ. ಒಲೆ ಹಚ್ಚಿದವಳು ಅಕ್ಕ, ಆದರೂ ಗಿರಿಜೆಗೇ ಬೈದೆ! ಅವ್ವ, ಅಕ್ಕ ಬೆರಗಾಗಿ ಸುಮ್ಮನಾದರು. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಆ ಭರದಲ್ಲಿ ಸೀರೆಯ ಮಾತು ಕೇಳುವುದನ್ನೇ ಮರೆತೆ.

ಮಧ್ಯಾಹ್ನ ಎಡೆ ಬಡಿಸಿದೆವು. ನಾನು ಕೇಳಿರುತ್ತೇನೆಂದು ನಂಬಿದ್ದ ಗಿರಿಜೆ, ಸೀರೆಯನ್ನು ಕಣ್ಣಿಗೊತ್ತಿಕೊಂಡು ಸಾಲಿನ ಕೊನೆಗೆ ಇಟ್ಟಳು. ಅವ್ವ ನೋಡಿದಳು. ಬಾಯಿ ತೆರೆದಳು. ನಾನು ಬಿಡುತ್ತೇನೆಯೇ?

"ಬುದ್ಧಿ ಐತೇನೇ ನಿನಗೆ? ಕಂಡೋರ ಮನೆ ಹಿರಿಯರಿಗೆಲ್ಲ ಇಲ್ಲಿ ಎಡೆ ಇಡ್ತಾರಾ? ತೆಗಿ ಅದನ್ನ!"

ಗಿರಿಜೆ ನನ್ನ ಮುಖವನ್ನೇ ನೋಡಿದಳು. ಅದರಲ್ಲಿ ನಾಟಕವನ್ನು ಹುಡುಕುತ್ತಿದ್ದಳೇನೋ. ಸೀರೆ ಎತ್ತಿಕೊಂಡು ಒಳಗೆ ಹೋದಳು.

ಅವ್ವ ಹಣೆ ಚಚ್ಚಿಕೊಂಡಳು. "ಬೀಗತಿಗೂ ಒಂದು ಎಲೆ ಹಾಕ್ರಿ ಅಂತ ಹೇಳಾಕೆ ಬಾಯಿ ತೆಗೆದಿದ್ನಲ್ಲೋ! ತಾಯಿ ಇಲ್ಲದ ಹುಡುಗಿಗೆ ಹಿಂಗೆ ಅಂತಾರೇನೋ?"

ಅವ್ವ ಹೋಗಿ ಕರೆದಳು. ಅಕ್ಕನೂ ಕರೆದಳು. "ಇರ್ಲಿ ಬಿಡ್ರಿ ಅತ್ತೆ" ಎಂದಳು ಗಿರಿಜೆ. ಸೀರೆ ಹೊರಗೆ ಬರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದೆ, "ಅದು ನಾಟಕ ಕಣೇ."

"ನನಗೆ ಗೊತ್ತು ರೀ. ನಮ್ಮವ್ವಗೆ ಹೆಂಗೆ ಗೊತ್ತಾಗಬೇಕು?"

ನನಗೆ ಅಳು ಬಂತು. ಕಿಟಕಿಯ ಧೂಳು ಎಂದು ಕಣ್ಣೊರೆಸಿಕೊಂಡೆ.

ಯೋಜನೆಯೇನೋ ಗೆದ್ದಿತು! ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಗಿರಿಜೆಯನ್ನು ಬೈದಿಲ್ಲ. ಇಂಥ ಗಂಡನ ಜೊತೆ ಬಾಳುತ್ತಿದ್ದಾಳಲ್ಲ ಪಾಪ ಎಂದು ಅವಳ ಎಲೆಗೆ ಎರಡು ಹೋಳಿಗೆ ಹೆಚ್ಚಿಗೆ ಬೀಳುತ್ತವೆ. ಪ್ರತಿ ದೀಪಾವಳಿಗೂ ಹೊರಡುವ ಮುಂಚೆ ಆ ಸೀರೆಯನ್ನು ನಾನೇ ಚೀಲದಲ್ಲಿಡುತ್ತೇನೆ. ಅವಳು ಏನೂ ಅನ್ನದೆ ತೆಗೆದು ಟ್ರಂಕಿಗೆ ಹಾಕುತ್ತಾಳೆ. ಒಂದು ಸಲ ಅವಳು ನನ್ನನ್ನು ಬೈದುಬಿಟ್ಟಿದ್ದರೂ ಆಗಿತ್ತು. ಆದರೆ ಆ ವಿದ್ಯೆ ನಮ್ಮಿಬ್ಬರಲ್ಲಿ ನನಗೊಬ್ಬನಿಗೇ ಬರುವುದು.