ಟಾರ್ಚು ಹಿಡಿದವಳ ಟಾನ್ಸಿಲ್

ಹದಿನೆಂಟು ವರ್ಷದಿಂದ ಜನರಿಗೆ "ಬಾಯಿ ತೆಗೀರಿ" ಅಂತ ಹೇಳೋದೇ ನನ್ನ ಕೆಲಸ. ಬಾಯಿ ತೆಗೆದ ಮೇಲೆ ಒಳಗೆ ಕಾಯಿಲೆ ಕಾಣುತ್ತೋ ಇಲ್ಲವೋ, ಒಂದಲ್ಲ ಒಂದು ಎಡವಟ್ಟಂತೂ ಹೊರಗೆ ಬಂದೇ ಬರುತ್ತೆ. ನಮ್ಮ ಕಿವಿ-ಮೂಗು-ಗಂಟಲು ಡಾಕ್ಟರು ಸೋಮವಾರ ಚನ್ನಗಿರಿ, ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಗುರುವಾರ ಜಗಳೂರಲ್ಲಿ ಕೂರ್ತಾರೆ. ನಾನು ಅವರ ನರ್ಸು. ಟಾರ್ಚು ಹಿಡಿಯೋದು, ಗದರಿಸೋದು, ಡಾಕ್ಟರು ಅರ್ಧ ಮಾತಲ್ಲಿ ಮುಗಿಸಿದ್ದನ್ನ ಜನಕ್ಕೆ ಬಿಡಿಸಿ ಹೇಳೋದು, ಎಲ್ಲಾ ನಂದೇ. ಹೋದ ತಿಂಗಳ ಒಂದು ವಾರದ ಸಂಗತಿ ಇದು. ಈಗ ನಗ್ತಾ ಹೇಳ್ತಿದ್ದೀನಿ, ಆಗ ಜೀವ ಬಾಯಿಗೆ ಬಂದಿತ್ತು.

ಚನ್ನಗಿರಿ: ಅಜ್ಜಿ ಮಾಡಿದ ತಪಾಸಣೆ

ಕೆರೆಬಿಳಚಿಯಿಂದ ಒಬ್ಬ ಅಜ್ಜಿ ಮೊಮ್ಮಗಳನ್ನ ಕರ್ಕೊಂಡು ಬಂದಿದ್ರು. ಮಗೀಗೆ ಜ್ವರ, ಎಂಜಲು ನುಂಗಾಕೂ ಆಗ್ತಿರಲಿಲ್ಲ. ಕಿರುನಾಲಿಗೆ ಬಿದ್ದೈತೆ ಅಂತ ಅಜ್ಜಿಯೇ ತೀರ್ಮಾನ ಮಾಡಿ, ಅದು ಮೇಲೇರಲಿ ಅಂತ ಮೂರು ದಿನ ನೆತ್ತಿ ಕೂದಲು ಹಿಡಿದು ಎತ್ತಿದ್ರಂತೆ. ಈಗ ಗಂಟಲ ಜೊತೆ ತಲೆಯೂ ನೋವು.

ಕಿರುನಾಲಿಗೆ ಅಂದ್ರೆ ನಡುವೆ ಜೋತಾಡೋದು, ಅದೆಲ್ಲೂ ಬಿದ್ದಿಲ್ಲ, ಊದಿರೋದು ಅದರ ಎರಡು ಪಕ್ಕದ ಟಾನ್ಸಿಲ್ ಗಡ್ಡೆ ಅಂತ ಎಷ್ಟು ಹೇಳಿದ್ರೂ ಅಜ್ಜಿ ಒಪ್ಪಲಿಲ್ಲ. ನನಗೂ ರೇಗಿತು. ಟಾರ್ಚನ್ನ ಅವರ ಕೈಗೇ ಕೊಟ್ಟು, ನಾನೇ ಬಾಯಿ ತೆಗೆದು, ಯಾವುದು ಎಲ್ಲಿರುತ್ತೆ ನೀವೇ ನೋಡ್ಕೊಳ್ಳಿ ಅಂದೆ. ಅಜ್ಜಿ ಸಾವಕಾಶವಾಗಿ ನೋಡಿ ಟಾರ್ಚು ಆರಿಸಿದ್ರು.

"ನಿಂದು ಬಲಗಡೆ ಊದೈತಲ್ಲವ್ವ, ಮೇಲೆ ಬೆಳ್ಳಗೂ ಐತೆ. ಮಗೀದು ಇರ್ಲಿ, ಮೊದ್ಲು ನೀನು ತೋರಿಸ್ಕೋ."

ಕನ್ನಡಿ ಹಿಡಿದು ನೋಡ್ತೀನಿ, ನಿಜ. ಎರಡೂ ಕಡೆ ಊದಿದ್ರೆ ನಮ್ಮ ಡಾಕ್ಟರು ಮಾತ್ರೆ ಬರೀತಾರೆ. ದೊಡ್ಡೋರಿಗೆ ಒಂದೇ ಕಡೆ ಊದಿದ್ರೆ ಚೂರು ತೆಗೆದು ಪರೀಕ್ಷೆಗೆ ಕಳಿಸ್ತಾರೆ. ಕ್ಯಾನ್ಸರ್ ಅನ್ನೋ ಪದ ತಲೆಗೆ ಹೊಕ್ಕಿದ್ದೇ ತಡ, ಕನ್ನಡಿ ಮಗುಚಿಟ್ಟುಬಿಟ್ಟೆ. ಡಾಕ್ಟರಿಗೆ ಹೇಳೋ ಧೈರ್ಯ ಬರಲಿಲ್ಲ. ಅಜ್ಜಿ ಮಾತ್ರ ಹೋಗುವಾಗ, ಬೇಕಿದ್ರೆ ನಿನ್ನ ನೆತ್ತಿನೂ ಎತ್ತಿಕೊಡ್ತೀನಿ ಅಂದ್ರು.

ಹೊನ್ನಾಳಿ: ಇಬ್ಬರು ಕಾವಲುಗಾರರು

ಅಕ್ಕಿ ಗಿರಣಿಯ ವಾಚ್‌ಮನ್ ಒಬ್ಬರು ಮಗಳನ್ನ ಕರ್ಕೊಂಡು ಬಂದಿದ್ರು. ವರ್ಷಕ್ಕೆ ಏಳೆಂಟು ಸಲ ಗಂಟಲು ಊದಿ ಜ್ವರ. ಟಾನ್ಸಿಲ್ ತೆಗೆಸಿಬಿಡಿ ಅಂತ ಡಾಕ್ಟರು ಹೇಳಿ ಎದ್ದು ಹೋದ್ರು. ಇವರಿಗೆ ಗಾಬರಿ, ಅದು ಏನಕ್ಕೆ ಇರೋದು ಅಂತ ನನ್ನ ಕೇಳಿದ್ರು.

ನನ್ನ ಭಯ ಒಳಗೆ ಅದುಮಿಕೊಂಡು ಹೇಳಿದೆ. ಟಾನ್ಸಿಲ್ ಅಂದ್ರೆ ಗಂಟಲ ಬಾಗಿಲ ಎರಡು ಕಡೆ ನಿಂತ ಕಾವಲುಗಾರರು. ಅವುಗಳ ಮೈ ತುಂಬಾ ಸಣ್ಣ ಸಣ್ಣ ಗುಳಿ. ಊಟದ ಜೊತೆ, ಗಾಳಿ ಜೊತೆ ಬರೋ ರೋಗಾಣು ಆ ಗುಳಿಯಲ್ಲಿ ಸಿಕ್ಕಿಬೀಳ್ತವೆ. ಅಲ್ಲಿರೋ ಬಿಳಿ ರಕ್ತಕಣ ಅವನ್ನ ಗುರುತು ಹಿಡಿದು, ಹೊಡೆಯೋಕೆ ಮದ್ದು ತಯಾರು ಮಾಡಿ, ಮುಂದಿನ ಸಲಕ್ಕೂ ನೆನಪಿಟ್ಟುಕೊಳ್ತವೆ.

ಅಂಥವನ್ನ ಕೆಲಸದಿಂದ ತೆಗೀಬೋದಾ ಅಂತ ವಾಚ್‌ಮನ್ನರ ಮುಖ ಸಪ್ಪಗಾಯ್ತು. ಮೂಗಿನ ಹಿಂದೆ, ನಾಲಿಗೆ ಬುಡದಲ್ಲಿ ಸುತ್ತಲೂ ಇನ್ನೂ ಕಾವಲಿನವರು ಇದ್ದಾರೆ, ಈ ಇಬ್ಬರು ತಾವೇ ಮೇಲಿಂದ ಮೇಲೆ ಮಲಗಿದ್ರೆ ಇಟ್ಕೊಂಡು ಪ್ರಯೋಜನ ಇಲ್ಲ, ತೆಗೆದ್ರೂ ಮನೆ ಕಾಯೋಕೆ ಉಳಿದವರು ಸಾಕು ಅಂತ ಸಮಾಧಾನ ಮಾಡಿದೆ.

ಅವರು ಆಪರೇಷನ್ನಿಗೆ ಒಪ್ಪಿದ್ರು. ಬಾಗಿಲ ತನಕ ಹೋದವರು ವಾಪಸ್ ಬಂದು ಮೆಲ್ಲಗೆ ಅಂದ್ರು: "ಇಬ್ರನ್ನ ತೆಗೆದ್ರೂ ನಡೀತೈತೆ ಅನ್ನೋ ಮಾತು ನಮ್ಮ ಗಿರಣಿ ಸಾಹುಕಾರ್ರ ಮುಂದೆ ಮಾತ್ರ ಆಡಬೇಡ್ರಿ ಸಿಸ್ಟರ್."

ನ್ಯಾಮತಿ: ಒಳ್ಳೆಯ ಸಲಹೆ

ಬುಧವಾರದ ಹೊತ್ತಿಗೆ ಗಂಟಲಲ್ಲಿ ಏನೋ ಚುಚ್ಚಿದಂಗೆ ಆಗ್ತಿತ್ತು. ಮಧ್ಯಾಹ್ನ ಮಾಸ್ಕ್ ಹಾಕ್ಕೊಂಡು, ತಲೆ ಮೇಲೆ ಸೆರಗು ಹೊದ್ದು, ಪೇಟೆಯ ಮೆಡಿಕಲ್ ಶಾಪಿಗೆ ಹೋದೆ. ನಮ್ಮ ಅಕ್ಕನಿಗೆ ಒಂದೇ ಕಡೆ ಟಾನ್ಸಿಲ್ ಊದಿ ಬೆಳ್ಳಗಾಗೈತೆ, ಏನಾದ್ರೂ ಕೊಡ್ರಿ ಅಂದೆ. ಅಂಗಡಿಯಾತ ಒಳ್ಳೇ ಮನುಷ್ಯ, ಮಾತ್ರೆ ಕೊಡಲಿಲ್ಲ.

"ಇಂಥದ್ದನ್ನ ತಡ ಮಾಡಬಾರ್ದು ಕಣಮ್ಮ. ನಮ್ಮೂರಿಗೆ ಬುಧವಾರ ಗಂಟಲು ಡಾಕ್ಟರು ಬರ್ತಾರೆ, ಅಕ್ಕನ್ನ ಈಗ್ಲೇ ಕರ್ಕೊಂಡು ಹೋಗ್ರಿ. ಅಲ್ಲೊಬ್ಬಳು ನರ್ಸು ಇದ್ದಾಳೆ, ನಾಯಿ ಬಿದ್ದಂಗೆ ಮೇಲೆ ಬೀಳ್ತಾಳೆ. ಅವಳನ್ನ ದಾಟಿ ಒಳಗೆ ಹೋದ್ರೆ ಡಾಕ್ಟರು ದೇವರಂಥೋರು."

ಸರಿ ಅಣ್ಣ, ಹುಷಾರಾಗಿ ದಾಟ್ತೀವಿ ಅಂತ ಹೇಳಿ ಬಂದೆ.

ಜಗಳೂರು: ನಾನೇ ಬಾಯಿ ತೆಗೆದದ್ದು

ಗುರುವಾರ ಬಿಳಿಚೋಡಿನಿಂದ ಬಂದಿದ್ದ ಕೊನೇ ಪೇಷಂಟು ಹೋದ ಮೇಲೆ ಡಾಕ್ಟರು ಇನ್ಯಾರಾದ್ರೂ ಇದ್ದಾರಾ ಅಂದ್ರು. ನಾನು ಹೋಗಿ ಪೇಷಂಟ್ ಕುರ್ಚಿಯಲ್ಲಿ ಕೂತೆ. ಕೂತಿದ್ದೇ ಅಳು ಒತ್ತರಿಸಿ ಬಂತು. ಮಗಳು ಇನ್ನೂ ಪಿಯುಸಿ, ನಮ್ಮೆಜಮಾನ್ರಿಗೆ ಒಂದು ಲೋಟ ಟೀ ಕಾಸಾಕೂ ಬರಲ್ಲ, ಏನೇ ಇದ್ರೂ ಮುಚ್ಚಿಡಬೇಡಿ ಸಾರ್ ಅಂತ ಗೋಳಾಡಿದೆ.

"ಸಿಸ್ಟರ್, ಮುಚ್ಚಿಟ್ಟಿರೋದು ನೀವು. ಮೊದಲು ಬಾಯಿ ತೆಗೀರಿ."

ತೆಗೆದೆ. ಇಷ್ಟು ವರ್ಷ ಜನರನ್ನ ಬೈದು ಬೈದು ಬಾಯಿ ತೆಗೆಸಿದವಳು, ನಾಲಿಗೆ ಒತ್ತೋ ಕಡ್ಡಿ ಒಳಗೆ ಬಂದ ಕೂಡ್ಲೇ ಡಾಕ್ಟರ ಬೆರಳೇ ಕಚ್ಚಿಬಿಟ್ಟೆ. ಅವರು ಕೈ ಕೊಡವಿಕೊಂಡು ಮತ್ತೆ ನೋಡಿದ್ರು, ಟಾನ್ಸಿಲ್ ಬದಿ ಸ್ವಲ್ಪ ಒತ್ತಿದ್ರು. ಟಪ್ ಅಂತ ಏನೋ ಈಚೆಗೆ ಬಂತು. ಜೋಳದ ಕಾಳಿನಷ್ಟು ದಪ್ಪ, ಹಳದಿ ಬಿಳುಪು. ಟಾನ್ಸಿಲ್ ಗುಳಿಯೊಳಗೆ ಊಟದ ಚೂರು, ಸತ್ತ ರೋಗಾಣು ಸೇರಿ ಸೇರಿ ಗಟ್ಟಿಯಾದ ಕಲ್ಲು ಅದು. ಅದು ಒತ್ತಿದ್ದಕ್ಕೇ ಊದಿದ್ದಂತೆ. ಕುತ್ತಿಗೆ ಮುಟ್ಟಿ ನೋಡಿ, ಕಲ್ಲಿನ ಕೆಳಗೆ ಎಲ್ಲಾ ಚೊಕ್ಕಟ ಐತೆ, ಕುತ್ತಿಗೆಯಲ್ಲೂ ಗಂಟಿಲ್ಲ, ಎರಡು ವಾರ ಬಿಟ್ಟು ಇನ್ನೊಂದು ಸಲ ನೋಡೋಣ ಅಂದ್ರು.

ಗಂಟಲ ಕಲ್ಲು, ಎದೆ ಮೇಲಿನ ಕಲ್ಲು ಎರಡೂ ಒಟ್ಟಿಗೇ ಇಳಿದವು. ಬದುಕಿದೆ ಅನ್ನಿಸಿ ಮತ್ತೆ ಅತ್ತೆ. ಅಷ್ಟೊತ್ತಿಗೆ ರೂಮಿನ ತುಂಬ ವಾಸನೆ ಎದ್ದಿತ್ತು. ಡಾಕ್ಟರು ಹತ್ತಿಯಲ್ಲಿ ಅದನ್ನ ಹಿಡಿದು, ಕೈ ಎಷ್ಟು ಉದ್ದ ಐತೋ ಅಷ್ಟು ದೂರ ಚಾಚಿ, ಕಿಟಕಿ ತೆಗೆದು ಫ್ಯಾನು ಜೋರು ಮಾಡಿದ್ರು. ನನಗೆ ಆದ್ರೂ ಒಂದು ಅನುಮಾನ. ಸಾರ್, ಯಾವುದಕ್ಕೂ ಇದನ್ನ ಲ್ಯಾಬಿಗೆ ಕಳಿಸಿಬಿಡೋಣ್ವಾ ಅಂದೆ.

ಹದಿನೆಂಟು ವರ್ಷದಲ್ಲಿ ಒಂದೂ ತಮಾಷೆ ಆಡದ ಡಾಕ್ಟರು ಮೂಗು ಮುಚ್ಚಿಕೊಂಡೇ ಹೇಳಿದ್ರು: "ಬೇಡ ಸಿಸ್ಟರ್. ಪಾಪ, ಲ್ಯಾಬಿನವರು ನಮಗೇನು ಅನ್ಯಾಯ ಮಾಡಿದ್ದಾರೆ?"